ಸಾಸೇಜ್ ಮೊದಲು ಬೇಯಲಿ, ಬೆಲ್ಲದ ಪಾಕ ಆಮೇಲೆ



ಹೋದ ಬೇಸಿಗೆಯಲ್ಲಿ ಸೇಡಂ ತಾಲೂಕಿನ ಒಂದು ಹಳ್ಳಿಯ ಸಂಘದ ಸಭೆಗೆ ಹೋಗಿದ್ದೆವು. ಉಳಿತಾಯದ ಹಣ ಎಣಿಸಿ, ಠರಾವು ಪುಸ್ತಕಕ್ಕೆ ಎಲ್ಲರ ಸಹಿ ಮಾಡಿಸಿ ಇನ್ನೇನು ಏಳಬೇಕು ಅನ್ನುವಾಗ ಮೂಲೆಯಲ್ಲಿ ಕುಳಿತಿದ್ದ ಒಬ್ಬ ತಾಯಿ, "ಅಕ್ಕೋರೇ, ಒಂದು ಮಾತು ಕೇಳ್ತೀನ್ರಿ. ಈ ಸಾಸೇಜ್ ಅಂತಾರಲ್ಲ, ಅದು ತಿಂದ್ರ ಹುಡುಗ್ರಿಗೆ ವಾಂತಿ ಆಗ್ತದೇನ್ರಿ?" ಎಂದರು. ಉಳಿದವರು ನಕ್ಕರು. ಆ ತಾಯಿ ನಗಲಿಲ್ಲ.

ಅವರ ದೊಡ್ಡ ಮಗ ಹೈದರಾಬಾದಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಾನೆ. ರಜೆಗೆ ಬರುವಾಗ, ತಾನು ಅಲ್ಲಿ ಮಾಡುವ ಅಡುಗೆಯನ್ನು ಅವ್ವನಿಗೂ ತಮ್ಮ-ತಂಗಿಯರಿಗೂ ತಿನ್ನಿಸಬೇಕೆಂಬ ಆಸೆಯಿಂದ ಕೋಳಿ ಸಾಸೇಜಿನ ಒಂದು ಪಾಕೀಟು ತಂದಿದ್ದ. ಕೊಂಡಾಗ ಕಲ್ಲಿನಂತೆ ಗಟ್ಟಿ ಇತ್ತು. ಮೇ ತಿಂಗಳ ಬಿಸಿಲು, ರೈಲಿನ ಜನರಲ್ ಡಬ್ಬಿ, ಅಲ್ಲಿಂದ ಮುಂದೆ ಟಂಟಂ ಗಾಡಿ. ಮನೆ ಮುಟ್ಟುವಾಗ ಪಾಕೀಟು ಮೆತ್ತಗಾಗಿ ನೀರು ಬಿಟ್ಟಿತ್ತು. ಮನೆಯಲ್ಲಿ ಫ್ರಿಜ್ ಇಲ್ಲ. ಪಕ್ಕದ ಅಂಗಡಿಯವರ ತಂಪು ಪಾನೀಯದ ಪೆಟ್ಟಿಗೆಯಲ್ಲಿ ಇಡಿಸಿದರು. ರಾತ್ರಿ ಕರೆಂಟು ಹೋಗಿ ಬಂದು ಮಾಡಿತು. ಮರುದಿನ ಸಂಜೆ ಆ ಹುಡುಗ ಹೋಟೆಲಿನ ತರಹವೇ ಬೆಲ್ಲ, ಸಾಸು ಎಲ್ಲ ಹಾಕಿ ಹಂಚಿನ ಮೇಲೆ ಮಾಡಿದ. ಮೇಲೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು, ಎಲ್ಲರೂ ಚಪ್ಪರಿಸಿ ತಿಂದರು. ಒಳಗೆ ತಣ್ಣಗಿದ್ದದ್ದನ್ನು ಯಾರೂ ಲಕ್ಷ್ಯ ಮಾಡಲಿಲ್ಲ. ನಡುರಾತ್ರಿ ಇಬ್ಬರು ಮಕ್ಕಳಿಗೆ ವಾಂತಿ-ಭೇದಿ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಸಲೈನು ಏರಿಸಬೇಕಾಯಿತು. ಮಕ್ಕಳು ಹುಷಾರಾದರು. ಆದರೆ ಓಣಿಯವರೆಲ್ಲ "ಅದು ನಮ್ಮಂಥವರು ತಿನ್ನೋದಲ್ಲ ಬಿಡು" ಎಂದರು, ಮಗ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ತಾಯಿಗೆ ನಾವು ಆ ದಿನ ಸರಿಯಾದ ಉತ್ತರ ಕೊಡಲಿಲ್ಲ. ನಮಗೇ ಪೂರ್ತಿ ಗೊತ್ತಿರಲಿಲ್ಲ. ಆಮೇಲೆ ತಿಳಿದವರನ್ನು ಕೇಳಿ, ನಮ್ಮ ತರಬೇತಿ ಕೇಂದ್ರದ ಒಲೆಯ ಮೇಲೆ ನಾವೇ ಮಾಡಿ ನೋಡಿದೆವು. ಮೊದಲ ಸಲ ನಮ್ಮದೂ ಸುಟ್ಟಿತು! ಮೊಬೈಲಿನಲ್ಲಿ ನೋಡಿದಂತೆ ಮೊದಲೇ ಬೆಲ್ಲ ಸುರಿದದ್ದೇ ತಪ್ಪಾಗಿತ್ತು. ಬಾಣಲೆ ತಿಕ್ಕಿ ತಿಕ್ಕಿ ಕೈ ನೋಯಿತು. ಎರಡನೆಯ ಸಲ ಸರಿಯಾಯಿತು. ಇನ್ನೂ ಎಷ್ಟೋ ಸಂಘಗಳಲ್ಲಿ ಇದೇ ಪ್ರಶ್ನೆ ಬರುತ್ತಿದೆ. ಶಹಾಬಾದ, ವಾಡಿ ಕಡೆಯ ಕೆಲವು ಅಕ್ಕಂದಿರು ಇದನ್ನು ಮಾಡಿ ಮಾರಬಹುದೇ ಎಂದೂ ಕೇಳುತ್ತಿದ್ದಾರೆ. ಆದ್ದರಿಂದ ಈ ಸಲದ ಪುಟವನ್ನು ಇದಕ್ಕೇ ಇಟ್ಟಿದ್ದೇವೆ.

ಸಾಸೇಜ್ ಎಂದರೇನು?

ಹೆಸರು ಹೊಸದು, ವಿಚಾರ ಹೊಸದಲ್ಲ. ಮಾಂಸವನ್ನು ಸಣ್ಣಗೆ ಕೊಚ್ಚಿ, ಅಂದರೆ ಖೀಮಾ ಮಾಡಿ, ಅದಕ್ಕೆ ಉಪ್ಪು-ಮಸಾಲೆ ಕಲಸಿ ಕೊಳವೆಯಂತೆ ತುಂಬಿದರೆ ಅದೇ ಸಾಸೇಜ್. ಹಿಂದೆ ಎಲ್ಲ ಕಡೆ ಕುರಿ, ಆಡು, ಹಂದಿಯ ಕರುಳನ್ನು ತೊಳೆದು ಅದರಲ್ಲೇ ತುಂಬುತ್ತಿದ್ದರು. ಕರುಳು ತಿರುವಿ ಹಾಕಿ ಸುಣ್ಣ-ಉಪ್ಪಿನಲ್ಲಿ ತಿಕ್ಕಿ ಬೋಟಿ ಮಾಡುವ ನಮ್ಮ ತಾಯಂದಿರಿಗೆ ಇದರಲ್ಲಿ ಅಚ್ಚರಿ ಪಡುವಂಥದ್ದು ಏನೂ ಇಲ್ಲ. ಈಗಿನ ಕಾರ್ಖಾನೆಗಳಲ್ಲಿ ಬೇರೆ ಬೇರೆ ತೆಳು ಪೊರೆಗಳಲ್ಲಿ ತುಂಬುತ್ತಾರೆ. ಕೆಲವನ್ನು ಬೇಯಿಸಿದ ಮೇಲೆ ಪೊರೆ ಸುಲಿದು ಪಾಕೀಟು ಮಾಡುತ್ತಾರೆ.

ಆ ಹೆಸರಿನ ಮೂಲವೇ ‘ಉಪ್ಪು ಹಾಕಿದ್ದು’ ಎಂಬ ಅರ್ಥದ ಲ್ಯಾಟಿನ್ ಮಾತು. ಮಾಂಸ ಕೆಡದಂತೆ ಇಡಲು ಹುಟ್ಟಿದ ಉಪಾಯ ಅದು. ನಮ್ಮ ಭಾಗದಲ್ಲೂ ಉಪ್ಪು-ಅರಿಶಿನ ಹಚ್ಚಿದ ಖಂಡವನ್ನು ಹಗ್ಗಕ್ಕೆ ಹಾಕಿ ಒಣಗಿಸಿ ಇಡುತ್ತಿದ್ದದ್ದು ಅದೇ ಕಾರಣಕ್ಕೆ. ಗೋವೆಯಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಚೊರೀಸ್ ಎಂಬ ಸಾಸೇಜ್ ಇದೆ. ಹಂದಿ ಮಾಂಸವನ್ನು ಕೆಂಪು ಮೆಣಸಿನಕಾಯಿ ಮತ್ತು ಶೇಂದಿಯ ಹುಳಿಯಲ್ಲಿ, ಅಂದರೆ ವಿನಿಗರಿನಲ್ಲಿ, ನೆನೆಸಿ ಕರುಳಿನಲ್ಲಿ ತುಂಬಿ, ಬಿಸಿಲಿಗೋ ಹೊಗೆಗೋ ಹಾಕಿ ಒಣಗಿಸುತ್ತಾರೆ. ಮಣಿಸರದಂತೆ ಕಟ್ಟಿ ಅಂಗಡಿಯಲ್ಲಿ ನೇತು ಹಾಕಿರುತ್ತಾರೆ. ನಮ್ಮ ರಾಜ್ಯದಲ್ಲಿ ಕಾರವಾರ, ಮಂಗಳೂರಿನ ಕಡೆಯವರಿಗೆ ಇದು ಗೊತ್ತು. ಒಣಗಿದ್ದರೂ ಅದು ಹಸಿ ಮಾಂಸವೇ. ಉಳ್ಳಾಗಡ್ಡಿ, ನೀರು ಹಾಕಿ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಇಂದಾದ್ ಎಂಬ ಹಂದಿ ಮಾಂಸದ ಅಡುಗೆಯೂ ಉಂಟು. ಹುಳಿ, ಸಿಹಿ, ಖಾರ ಮೂರೂ ಒಂದೇ ಪಾತ್ರೆಯಲ್ಲಿ. ಮಾಂಸಕ್ಕೆ ಸಿಹಿ ಹಾಕುವುದೇ ಎಂದು ಮೂಗು ಮುರಿಯುವವರು ಒಮ್ಮೆ ಅದರ ರುಚಿ ನೋಡಬೇಕು.

ನಮ್ಮ ಸಂಘಗಳಲ್ಲಿ ಎಲ್ಲ ಜಾತಿ-ಧರ್ಮದ ಅಕ್ಕಂದಿರಿದ್ದೀರಿ. ಹಂದಿ ಮಾಂಸ ತಿನ್ನದವರಿದ್ದೀರಿ, ಮಾಂಸವನ್ನೇ ಮುಟ್ಟದವರೂ ಇದ್ದೀರಿ. ಅದಕ್ಕಾಗಿ ಇಲ್ಲಿ ಕೋಳಿ ಮಾಂಸದ್ದನ್ನು ಮಾತ್ರ ಹೇಳುತ್ತೇವೆ. ಮಾಂಸ ತಿನ್ನದವರಿಗೂ ಕೊನೆಯಲ್ಲಿ ಒಂದು ಮಾತು ಇದೆ.

ಆ ರಾತ್ರಿ ತಪ್ಪಿದ್ದು ಎಲ್ಲಿ?

ಎರಡು ಕಡೆ ತಪ್ಪಿತ್ತು. ಮೊದಲನೆಯದು ದಾರಿಯಲ್ಲಿ.

ಹೈದರಾಬಾದ್ ಕಡೆಯಿಂದ ತಾಂಡೂರು, ಸೇಡಂ, ಚಿತ್ತಾಪುರ ದಾಟಿ ವಾಡಿಗೆ ಬರುವ ಈ ರೈಲು ದಾರಿ ನಿಜಾಮರ ಕಾಲದ್ದು, 1874ರದು. ನಮ್ಮ ಮಕ್ಕಳು ದುಡಿಯಲು ಹೋಗುವುದೂ ಇದೇ ದಾರಿ, ಹಬ್ಬಕ್ಕೆ ಚೀಲ ತುಂಬಿಕೊಂಡು ಬರುವುದೂ ಇದೇ ದಾರಿ. ಬಟ್ಟೆ, ಸಿಹಿ ತಿಂಡಿ, ಆಟದ ಸಾಮಾನು ಬಂದರೆ ಚಿಂತೆಯಿಲ್ಲ. ಗಡ್ಡೆ ಕಟ್ಟಿಸಿದ ಮಾಂಸ ಮಾತ್ರ ಹೀಗೆ ಬರಬಾರದು. ಅಂಗಡಿಯಲ್ಲಿ ಅದನ್ನು ಮೈನಸ್ 18 ಡಿಗ್ರಿ ಚಳಿಯಲ್ಲಿ ಇಟ್ಟಿರುತ್ತಾರೆ. ಆ ಚಳಿಯಲ್ಲಿ ರೋಗಾಣುಗಳು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತವೆ ಅಷ್ಟೇ. ಕರಗಿದ ಕೂಡಲೇ ಏಳುತ್ತವೆ.

5 ಡಿಗ್ರಿಯಿಂದ 60 ಡಿಗ್ರಿವರೆಗಿನ ಬಿಸಿ ಅವುಗಳಿಗೆ ಬೆಳೆಯುವ ಹೊಲವಿದ್ದಂತೆ. ಅನುಕೂಲ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತವೆ. ಸಂಘದ ಬಡ್ಡಿ ಲೆಕ್ಕ ಬಲ್ಲ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಂದು ಇದ್ದದ್ದು ಒಂದು ತಾಸಿನಲ್ಲಿ ಎಂಟು, ಎರಡು ತಾಸಿನಲ್ಲಿ ಅರವತ್ತನಾಲ್ಕು, ನಾಲ್ಕು ತಾಸಿನಲ್ಲಿ ನಾಲ್ಕು ಸಾವಿರ ದಾಟುತ್ತದೆ. ಯಾವ ಸಾವಕಾರನೂ ಇಂಥ ಬಡ್ಡಿ ಹಾಕಿದ್ದಿಲ್ಲ. ಹಸಿ ಮಾಂಸವನ್ನೂ ಬೇಯಿಸಿದ ಮಾಂಸವನ್ನೂ ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು, ಸೆಕೆ 32 ಡಿಗ್ರಿ ದಾಟಿದರೆ ಒಂದೇ ತಾಸು ಎಂದು ತಿಳಿದವರು ಹೇಳುತ್ತಾರೆ. ನಮ್ಮ ಕಡೆ ಬೇಸಿಗೆಯಲ್ಲಿ 40 ದಾಟುವುದು ಸಾಮಾನ್ಯ. ಅಂದರೆ ನಮಗೆ ಆ ಒಂದು ತಾಸಿನ ಲೆಕ್ಕವೇ.

ಕರಗಿದ್ದನ್ನು ಅಂಗಡಿಯ ತಂಪು ಪೆಟ್ಟಿಗೆಯಲ್ಲಿ ಇಟ್ಟರಲ್ಲ ಎಂದು ಕೇಳಬಹುದು. ತಂಪು ಪಾನೀಯದ ಪೆಟ್ಟಿಗೆ ದಿನಕ್ಕೆ ನೂರು ಸಲ ತೆರೆಯುತ್ತದೆ. ಕರೆಂಟು ಹೋದರೆ ಒಳಗೂ ಹೊರಗೂ ಒಂದೇ. ಅಲ್ಲಿ ಬೆಳೆ ನಿಲ್ಲುವುದಿಲ್ಲ, ನಿಧಾನ ಆಗುತ್ತದೆ ಅಷ್ಟೇ. ವಾಸನೆ ನೋಡಿ ತಿಳಿಯುತ್ತದೆ ಅನ್ನುವಂತೆಯೂ ಇಲ್ಲ. ಹೊಟ್ಟೆ ಕೆಡಿಸುವ ಎಷ್ಟೋ ರೋಗಾಣುಗಳಿಗೆ ವಾಸನೆಯೇ ಇರುವುದಿಲ್ಲ, ಅದರ ಮೇಲೆ ಮಸಾಲೆಯ ವಾಸನೆ ಬೇರೆ.

ಎರಡನೆಯ ತಪ್ಪು ಹಂಚಿನ ಮೇಲೆ ಆಯಿತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಬಾಣಲೆ ಸುಟ್ಟದ್ದೂ ಇದೇ ಕಾರಣಕ್ಕೆ.

ಬೆಲ್ಲದ ಗುಣ

ನಾಗರ ಪಂಚಮಿಗೆ ಶೇಂಗಾ ಉಂಡಿ ಕಟ್ಟದ ಮನೆ ನಮ್ಮ ಭಾಗದಲ್ಲಿ ಇಲ್ಲ. ಬೆಲ್ಲ ಕರಗಿಸಿ ಎಳೆ ಪಾಕ ಬರುವುದನ್ನು ಕಾಯುವಾಗ ಏನಾಗುತ್ತದೆ, ನೆನಪು ಮಾಡಿಕೊಳ್ಳಿರಿ. ಮೊದಲು ಸಣ್ಣ ಸಣ್ಣ ಗುಳ್ಳೆ ಎದ್ದು ಚಟಪಟ ಸದ್ದು ಬರುತ್ತದೆ. ಆಗ ಅದರಲ್ಲಿ ನೀರಿದೆ. ನೀರು ಇರುವವರೆಗೆ ಪಾಕದ ಬಿಸಿ 100 ಡಿಗ್ರಿಯ ಆಚೀಚೆಯೇ ನಿಲ್ಲುತ್ತದೆ. ಆಮೇಲೆ ಗುಳ್ಳೆ ದೊಡ್ಡದಾಗಿ, ನಿಧಾನವಾಗಿ, ‘ಬುಳುಕ್ ಬುಳುಕ್’ ಎಂದು ಏಳುತ್ತದೆ. ನೀರು ಮುಗಿಯಿತೆಂದು ಅರ್ಥ. ಅಲ್ಲಿಂದ ಮುಂದೆ ಬಿಸಿ ಏರುವುದು ಬಹಳ ಬೇಗ. ಅರ್ಧ ನಿಮಿಷ ಬಾಗಿಲ ಕಡೆ ತಿರುಗಿ ಯಾರನ್ನೋ ಮಾತಾಡಿಸಿದರೂ ಸಾಕು, ಪಾಕ ಕಪ್ಪಾಗಿ ಕಹಿಯಾಗುತ್ತದೆ.

ಈಗ ಇದನ್ನೇ ಸಾಸೇಜಿಗೆ ಹಚ್ಚಿ ನೋಡಿರಿ. ಕಾದ ಹಂಚಿನ ಬಿಸಿ 200 ಡಿಗ್ರಿಗೂ ಮೇಲೆ ಹೋಗುತ್ತದೆ. ಅದರ ಮೇಲೆ ಬೆಲ್ಲ, ಸಕ್ಕರೆ, ಟೊಮೆಟೊ ಸಾಸು ಯಾವುದೇ ಬಿದ್ದರೂ ಎರಡು-ಮೂರು ನಿಮಿಷದಲ್ಲಿ ಕಂದಾಗಿ, ಮತ್ತೆ ಕಪ್ಪಾಗುತ್ತದೆ. ಆದರೆ ಕೋಳಿ ಮಾಂಸದ ನಟ್ಟನಡುವೆ 74 ಡಿಗ್ರಿ ಬಿಸಿ ಮುಟ್ಟಿದರೆ ಮಾತ್ರ ಅದರೊಳಗಿನ ರೋಗಾಣು ಸಾಯುತ್ತವೆ. ಬೆರಳು ದಪ್ಪದ ಸಾಸೇಜಿನ ನಡುವಿಗೆ ಆ ಬಿಸಿ ಇಳಿಯಲು ಹತ್ತು-ಹದಿನೈದು ನಿಮಿಷ ಬೇಕು, ಮೊದಲೇ ತಣ್ಣಗಿದ್ದರೆ ಇನ್ನೂ ಹೆಚ್ಚು. ಹೊರಗಿನ ಬೆಲ್ಲ ಅಲ್ಲಿಯವರೆಗೆ ಕಾಯುವುದಿಲ್ಲ. ಕಪ್ಪಾಯಿತು, ಬೆಂದಿತು ಎಂದುಕೊಂಡು ನಾವು ಇಳಿಸುತ್ತೇವೆ. ಬಣ್ಣ ಬೆಲ್ಲದ್ದು, ಮಾಂಸದ್ದಲ್ಲ! ಆ ಮನೆಯಲ್ಲಿ ಆದದ್ದು ಇಷ್ಟೇ.

ಹೋಟೆಲಿನಲ್ಲಿ ಅದೇ ಹುಡುಗ ಮಾಡಿದರೆ ಯಾಕೆ ಕೆಡುವುದಿಲ್ಲ? ಅಲ್ಲಿ ಸಾಸೇಜನ್ನು ಇನ್ನೊಬ್ಬರು ಮೊದಲೇ ಕುದಿಸಿ ಇಟ್ಟಿರುತ್ತಾರೆ. ಇವನ ಕೈಗೆ ಬರುವುದು ಕೊನೆಯ ಕೆಲಸ ಮಾತ್ರ. ಇದನ್ನು ಅವನೇ ನಮಗೆ ಫೋನಿನಲ್ಲಿ ಹೇಳಿದ.

ಇನ್ನು ಹುಣಸೆಹಣ್ಣಿನ ಮಾತು. ಅಂಗಡಿಯ ಬಾಟಲಿ ಸಾಸಿನಲ್ಲಿ ಸಕ್ಕರೆ, ವಿನಿಗರ್, ಉಪ್ಪು ಮುಖ್ಯ. ನಮ್ಮ ಹುಣಸೆ-ಬೆಲ್ಲದಲ್ಲಿ ಆ ಹುಳಿ-ಸಿಹಿ ಎರಡೂ ಇವೆ, ಉಪ್ಪು ಎಷ್ಟು ಎಂಬುದು ನಮ್ಮ ಕೈಯಲ್ಲಿರುತ್ತದೆ. ಹುಳಿ ಸೇರಿದರೆ ಇನ್ನೊಂದು ಲಾಭ: ಪಾಕ ಆರಿದ ಮೇಲೆ ಸಕ್ಕರೆ ಹರಳುಗಟ್ಟುವುದಿಲ್ಲ, ನುಣ್ಣಗೆ ಹೊಳೆಯುತ್ತದೆ. ಬೆಲ್ಲ ತರುವಾಗ ತೀರಾ ಬೆಳ್ಳಗಿರುವುದನ್ನು ಬಿಟ್ಟು ಕಂದು ಬಣ್ಣದ್ದನ್ನು ತನ್ನಿರಿ. ಕರಗಿಸಿ ಸೋಸಲು ಮರೆಯಬೇಡಿರಿ, ಕಲ್ಲು-ಮಣ್ಣು ಇದ್ದೇ ಇರುತ್ತದೆ. ಈ ಪಾಕವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಾಗಲಿ, ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಾಗಲಿ ಕುದಿಸಬೇಡಿರಿ. ಹುಳಿ ಲೋಹವನ್ನು ತಿಂದು ಅಡುಗೆಗೆ ಬಿಡುತ್ತದೆ. ಸ್ಟೀಲ್ ಪಾತ್ರೆ ಒಳ್ಳೆಯದು.

ಮನೆಯಲ್ಲೇ ಮಾಡುವ ವಿಧಾನ

ಅರ್ಧ ಕಿಲೋ ಎಲುಬಿಲ್ಲದ ಕೋಳಿ ಮಾಂಸ ಬೇಕು. ತೊಡೆಯ ಮಾಂಸ ಇದ್ದರೆ ಮೆತ್ತಗೆ ಬರುತ್ತದೆ, ಬರೀ ಎದೆಯದ್ದಾದರೆ ಒಣಗಿದಂತೆ ಆಗುತ್ತದೆ. ಅಂಗಡಿಯಲ್ಲಿ ಕಣ್ಣೆದುರೇ ಖೀಮಾ ಮಾಡಿಸಿ, ಅಥವಾ ಮನೆಗೆ ತಂದು ಕತ್ತಿಯಿಂದ ಸಣ್ಣಗೆ ಕೊಚ್ಚಿರಿ. ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ರೂಢಿ ಬಹಳ ಮನೆಗಳಲ್ಲಿ ಇದೆ. ಆ ನೀರು ಸಿಡಿದು ಪಕ್ಕದ ಗಂಗಾಳ, ಕೊತ್ತಂಬರಿ, ರೊಟ್ಟಿ ಹಿಟ್ಟು ಎಲ್ಲದರ ಮೇಲೂ ಬೀಳುತ್ತದೆ. ತೊಳೆಯಲೇಬೇಕೆಂದರೆ ಬೋಗುಣಿಯಲ್ಲಿ ಮೆಲ್ಲಗೆ ತೊಳೆದು, ಪೂರ್ತಿ ನೀರು ಬಸಿಯಿರಿ.

ಖೀಮಾಕ್ಕೆ ಒಂದೂವರೆ ಚಹಾ ಚಮಚ ಉಪ್ಪು, ಎರಡು ಚಮಚ ಅಲ್ಲ-ಬೆಳ್ಳುಳ್ಳಿ ಜಜ್ಜಿದ್ದು, ಒಂದು ಚಮಚ ಖಾರದ ಪುಡಿ, ಅರ್ಧ ಚಮಚ ಜೀರಿಗೆ ಪುಡಿ, ಒಂದು ಹಿಡಿ ಸಣ್ಣಗೆ ಹೆಚ್ಚಿದ ಕೊತ್ತಂಬರಿ, ಮೂರು ದೊಡ್ಡ ಚಮಚ ಪುಟಾಣಿ ಹಿಟ್ಟು, ಎರಡು ದೊಡ್ಡ ಚಮಚ ಎಣ್ಣೆ, ಎರಡು-ಮೂರು ಚಮಚ ತಣ್ಣೀರು ಹಾಕಿರಿ. ಈಗ ಐದು ನಿಮಿಷ ಚೆನ್ನಾಗಿ ನಾದಬೇಕು. ಜೋಳದ ರೊಟ್ಟಿ ಹಿಟ್ಟು ನಾದಿದ ಕೈಗೆ ಇದು ಕಷ್ಟವಲ್ಲ. ಉಪ್ಪು ಮತ್ತು ನಾದುವಿಕೆ ಸೇರಿ ಮಾಂಸದೊಳಗಿನ ಅಂಟು ಹೊರಗೆ ಬರುತ್ತದೆ. ಅಂಗೈಗೆ ಅಂಟಿಕೊಂಡು, ಕೈ ತಿರುವಿದರೂ ಬೀಳದಂತಾದರೆ ಸಾಕು. ಈ ಅಂಟು ಬರದಿದ್ದರೆ ಬೆಂದ ಮೇಲೆ ಪುಡಿಪುಡಿಯಾಗುತ್ತದೆ. ನಾದುವಾಗ ಪರಾತದ ಕೆಳಗೆ ತಣ್ಣೀರಿನ ತಟ್ಟೆ ಇಟ್ಟುಕೊಂಡರೆ ಒಳ್ಳೆಯದು, ಬೆಚ್ಚಗಾದ ಖೀಮಾ ಎಣ್ಣೆ ಬಿಡುತ್ತದೆ. ಉಪ್ಪು ನೋಡಲೆಂದು ಹಸಿಯದನ್ನು ನಾಲಗೆಗೆ ಹಚ್ಚಬೇಡಿರಿ. ಚೂರು ಹಂಚಿನ ಮೇಲೆ ಬೇಯಿಸಿ ನೋಡಿರಿ.

ಕೈಗೆ ಎಣ್ಣೆ ಹಚ್ಚಿಕೊಂಡು ಹೆಬ್ಬೆರಳಿನ ದಪ್ಪ, ಗೇಣಿನ ಅರ್ಧದಷ್ಟು ಉದ್ದ ಹೊಸೆಯಿರಿ. ಅರ್ಧ ಕಿಲೋದಲ್ಲಿ ಸುಮಾರು ಹನ್ನೆರಡು ಆಗುತ್ತವೆ. ಕರುಳಿನ ಪೊರೆ ಬೇಕಿಲ್ಲ. ಚಿಂಚೋಳಿ ಕಡೆಯವರು ಮುತ್ತಲ ಎಲೆಯಲ್ಲಿ ಸುತ್ತಬಹುದು, ಉಳಿದವರು ಎಣ್ಣೆ ಸವರಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರೆ ಸಾಕು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬೇಯಿಸುವುದನ್ನು ಮೊಬೈಲಿನಲ್ಲಿ ತೋರಿಸುತ್ತಾರೆ, ಅದು ಬೇಡ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ತಟ್ಟೆ ಇಟ್ಟು ಮುಚ್ಚಿ, 15 ನಿಮಿಷ ಹಬೆಯಲ್ಲಿ ಬೇಯಿಸಿರಿ. ಅತ್ಯಂತ ದಪ್ಪ ಇರುವ ಒಂದನ್ನು ನಡುವೆ ಮುರಿದು ನೋಡಿರಿ. ಒಳಗೆ ಬಿಸಿ ಹೊಗೆ ಬರಬೇಕು, ಹಸಿ ಗುಲಾಬಿ ಬಣ್ಣ ಇರಬಾರದು, ಒತ್ತಿದರೆ ಬರುವ ನೀರು ತಿಳಿಯಾಗಿರಬೇಕು. ಇಲ್ಲವಾದರೆ ಮತ್ತೆ ಐದು ನಿಮಿಷ.

ಅದು ಬೇಯುವಷ್ಟರಲ್ಲಿ ಪಾಕ ಮಾಡಿಕೊಳ್ಳಿರಿ. ನಿಂಬೆಹಣ್ಣಿನಷ್ಟು ಹುಣಸೆಹಣ್ಣನ್ನು ಅರ್ಧ ಬಟ್ಟಲು ಬಿಸಿ ನೀರಿನಲ್ಲಿ ನೆನೆಸಿ ಕಿವುಚಿ ಸೋಸಿರಿ. ಅದರ ಎರಡು ಪಟ್ಟು ತೂಕದ ಬೆಲ್ಲ, ನಾಲ್ಕು ಎಸಳು ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಬ್ಯಾಡಗಿ ಖಾರದ ಪುಡಿ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕುದಿಸಿರಿ. ಚಮಚದ ಬೆನ್ನಿಗೆ ಅಂಟಿ, ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಉಂಡಿಯ ಎಳೆ ಪಾಕದವರೆಗೆ ಹೋಗುವುದು ಬೇಡ, ಅದಕ್ಕಿಂತ ಮೊದಲೇ ಇಳಿಸಿರಿ. ಹುಣಸೆ ಹಳೆಯದಾದರೆ ಹುಳಿ ಬೇರೆ, ಹೊಸದಾದರೆ ಬೇರೆ. ಆದ್ದರಿಂದ ಅಳತೆಗಿಂತ ನಿಮ್ಮ ನಾಲಗೆಯನ್ನೇ ನಂಬಿರಿ.

ಈಗ ಹಂಚಿಗೆ ಒಂದು ಚಮಚ ಎಣ್ಣೆ ಹಾಕಿ, ಬೆಂದ ಸಾಸೇಜನ್ನು ಮೂರು-ನಾಲ್ಕು ನಿಮಿಷ ಹೊರಳಿಸಿ ಕೆಂಪಗೆ ಮಾಡಿರಿ. ಬೇಕಾದರೆ ಉದ್ದಕ್ಕೆ ಹೆಚ್ಚಿದ ಉಳ್ಳಾಗಡ್ಡಿಯನ್ನೂ ಹಾಕಬಹುದು. ಉರಿ ಪೂರ್ತಿ ಸಣ್ಣ ಮಾಡಿ. ಆಮೇಲೆ ಪಾಕ ಸುರಿದು ಎರಡು ನಿಮಿಷ ಹೊರಳಿಸಿರಿ. ಗುಳ್ಳೆಯ ಸದ್ದು ಕೇಳುತ್ತಿರಿ. ಚಟಪಟ ನಿಂತು ‘ಬುಳುಕ್’ ಎನ್ನುತ್ತಿದ್ದಂತೆ ಇಳಿಸಿಬಿಡಿ. ಕಟ್ಟಿಗೆ ಒಲೆಯಾದರೆ ಉರಿ ಸಣ್ಣ ಮಾಡುವುದು ಕಷ್ಟ, ಅದಕ್ಕಿಂತ ಹಂಚನ್ನು ಕೆಳಗಿಳಿಸಿ ಪಾಕ ಹಾಕಿರಿ. ಹಂಚಿನ ಬಿಸಿಯೇ ಸಾಕಾಗುತ್ತದೆ.

ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ ಜೊತೆ ಬಹಳ ಚೆನ್ನಾಗಿರುತ್ತದೆ. ಮಕ್ಕಳು ಬ್ರೆಡ್ಡಿನ ಜೊತೆ ಕೇಳಬಹುದು, ಆಗಲಿ ಬಿಡಿ.

ಪಾಕೀಟಿನದ್ದನ್ನು ತಂದರೆ

ಕಲಬುರಗಿಗೆ ಹೋದಾಗ ಪಾಕೀಟು ತರುವವರಿದ್ದೀರಿ. ಎಲ್ಲ ಕೆಲಸ ಮುಗಿಸಿ, ಬಸ್ಸು ಹತ್ತುವ ಮೊದಲು ಕೊನೆಯಲ್ಲಿ ಕೊಳ್ಳಿರಿ. ದಪ್ಪ ಥರ್ಮಾಕೋಲ್ ಡಬ್ಬಿ ಮತ್ತು ಐಸು ಇಲ್ಲದೆ ತರಬೇಡಿರಿ. ಮನೆ ಮುಟ್ಟಿದಾಗ ಇನ್ನೂ ತಣ್ಣಗಿದ್ದರೆ ಅವತ್ತೇ ಮಾಡಿ ತಿನ್ನಿರಿ. ದಾರಿಯಲ್ಲಿ ಬೆಚ್ಚಗಾಗಿದ್ದರೆ, ಹಣ ಹೋಯಿತೆಂದು ಹೊಟ್ಟೆ ಉರಿದರೂ, ಚೆಲ್ಲಬೇಕು. ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಕೆಲವು ರೋಗಾಣುಗಳು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ.

ಪಾಕೀಟಿನ ಮೇಲೆ ತಯಾರಾದ ದಿನ, ಎಲ್ಲಿಯವರೆಗೆ ಬಳಸಬಹುದು ಎಂಬುದು, ಬೇಯಿಸಿದ್ದೋ ಹಸಿಯದೋ ಎಂಬುದು ಬರೆದಿರುತ್ತದೆ. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಚೌಕದೊಳಗೆ ಕಂದು ಬಣ್ಣದ ತ್ರಿಕೋನ ಇದ್ದರೆ ಮಾಂಸಾಹಾರ, ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಯಾವ ಪ್ರಾಣಿಯ ಮಾಂಸ ಎಂದು ಹೆಸರು ನೋಡಿಯೇ ಕೊಳ್ಳಿರಿ. ಬೇಯಿಸಿದ್ದು ಎಂದು ಬರೆದಿದ್ದರೂ ಕುದಿಯುವ ನೀರಿನಲ್ಲಿ ಹಾಕಿ ಒಳಗಿನವರೆಗೆ ಬಿಸಿ ಮಾಡಿ, ಆಮೇಲೆ ಹಂಚಿಗೆ ಹಾಕಿರಿ. ಅದರಲ್ಲಿ ಉಪ್ಪು ಮೊದಲೇ ಹೆಚ್ಚು. ಪಾಕಕ್ಕೆ ಮತ್ತೆ ಉಪ್ಪು ಹಾಕುವುದು ಬೇಡ.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಪಾಕೀಟಿನ ಸಾಸೇಜ್ ಬೆಂದ ಮೇಲೂ ಗುಲಾಬಿ ಬಣ್ಣದಲ್ಲಿ ಇರುತ್ತದೆ. ಹೆಚ್ಚಾಗಿ ನೈಟ್ರೈಟ್ ಎಂಬ ಉಪ್ಪು ಅದಕ್ಕೆ ಕಾರಣ. ಅದನ್ನು ಸುಮ್ಮನೆ ಬಣ್ಣಕ್ಕೆ ಹಾಕುವುದಿಲ್ಲ. ಗಾಳಿಯಿಲ್ಲದ ಕಡೆ ಬೆಳೆಯುವ ಒಂದು ಭಯಂಕರ ರೋಗಾಣುವನ್ನು ಅದು ತಡೆಯುತ್ತದೆ. ಜರ್ಮನಿಯಲ್ಲಿ 1820ರ ಸುಮಾರಿಗೆ ಕೆಟ್ಟ ಸಾಸೇಜ್ ತಿಂದು ಜನ ಸತ್ತದ್ದನ್ನು ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯರು ಪರೀಕ್ಷಿಸಿ ಬರೆದರು. ಆ ರೋಗಕ್ಕೆ ಬಂದ ಬಾಟುಲಿಸಂ ಎಂಬ ಹೆಸರೂ ಸಾಸೇಜ್ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಬಂದದ್ದು. ಆದರೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು, ಹೀಗೆ ಸಂಸ್ಕರಿಸಿದ ಮಾಂಸದಿಂದ ದೊಡ್ಡ ಕರುಳಿನ ಕ್ಯಾನ್ಸರ್ ಬರುತ್ತದೆ ಎಂದು ತೀರ್ಮಾನಿಸಿತು. ದಿನಾಲೂ 50 ಗ್ರಾಂ ತಿಂದರೆ ಆ ಅಪಾಯ ಶೇಕಡ 18ರಷ್ಟು ಹೆಚ್ಚುತ್ತದೆಂದು ಅವರ ಲೆಕ್ಕ. 50 ಗ್ರಾಂ ಅಂದರೆ ಸುಮಾರು ಒಂದು ಸಾಸೇಜ್. ಹಬ್ಬಕ್ಕೋ ಮಗ ಊರಿಗೆ ಬಂದಾಗಲೋ ಒಮ್ಮೆ ತಿಂದರೆ ಹೆದರಬೇಕಿಲ್ಲ. ಮಕ್ಕಳ ಡಬ್ಬಿಗೆ ದಿನಾ ಹಾಕುವ ವಸ್ತು ಇದಲ್ಲ. ಅದಕ್ಕೆ ಮೊಟ್ಟೆ, ಶೇಂಗಾ, ನಮ್ಮ ತೊಗರಿ ಬ್ಯಾಳಿ ಇವೆ. ರಕ್ತದೊತ್ತಡ ಇರುವ ಹಿರಿಯರು ಪಾಕೀಟಿನದ್ದರಿಂದ ದೂರ ಇರುವುದು ಒಳ್ಳೆಯದು.

ಮನೆಯಲ್ಲಿ ಮಾಡಿದ್ದರಲ್ಲಿ ನೈಟ್ರೈಟ್ ಇಲ್ಲ. ಅದಕ್ಕೇ ಒಳಗೆ ಬೂದು-ಕಂದು ಬಣ್ಣ ಇರುತ್ತದೆ, ಅದು ಕೆಟ್ಟದ್ದಲ್ಲ. ಆದರೆ ಇಟ್ಟು ತಿನ್ನಲು ಬರುವುದಿಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ಮಾಡಿದ ಹೊತ್ತಿಗೇ ಮುಗಿಯಬೇಕು. ಒಳ್ಳೆಯ ಫ್ರಿಜ್ ಇದ್ದರೆ ಮರುದಿನದವರೆಗೆ ಇಟ್ಟು, ಮತ್ತೆ ಚೆನ್ನಾಗಿ ಬಿಸಿ ಮಾಡಿ ತಿನ್ನಬಹುದು.

ಮಾರುವ ಆಸೆ ಇರುವವರಿಗೆ

ವಾಡಿ ಮತ್ತು ಶಹಾಬಾದದಲ್ಲಿ ರೈಲ್ವೆಯವರು, ಕಾರ್ಖಾನೆಯವರು, ಬೇರೆ ಬೇರೆ ಊರಿನಿಂದ ಬಂದವರು ಇದ್ದಾರೆ, ಗಿರಾಕಿ ಸಿಗಬಹುದು ಎನ್ನುವುದು ನಿಜ. ಆದರೂ ನಮ್ಮ ಅಭಿಪ್ರಾಯ ಕೇಳಿದರೆ, ಜಾತ್ರೆಯಲ್ಲಿ ಬೆಳಗ್ಗೆ ಮಾಡಿ ಸಂಜೆವರೆಗೆ ತಟ್ಟೆಯಲ್ಲಿ ಹರಡಿಟ್ಟು ಮಾರುವ ಪದಾರ್ಥ ಇದಲ್ಲ. ಮೊದಲೇ ಆರ್ಡರ್ ತೆಗೆದುಕೊಂಡು, ಎಷ್ಟು ಬೇಕೋ ಅಷ್ಟೇ ಮಾಡಿ, ಬಿಸಿಬಿಸಿ ಕೊಡುವುದಾದರೆ ಮಾತ್ರ ಕೈ ಹಾಕಿರಿ. ಸಾಲ ತೆಗೆದು ಡೀಪ್ ಫ್ರೀಜರ್ ಕೊಳ್ಳುವ ವಿಚಾರ ಇದ್ದರೆ ನಿಮ್ಮ ಊರಿನಲ್ಲಿ ದಿನಕ್ಕೆ ಎಷ್ಟು ತಾಸು ಕರೆಂಟು ಇರುತ್ತದೆ ಎಂದು ಒಂದು ತಿಂಗಳು ಬರೆದು ನೋಡಿ, ಆಮೇಲೆ ಠರಾವು ಮಾಡಿರಿ.

ಆಹಾರ ಮಾರುವವರು, ಎಷ್ಟೇ ಸಣ್ಣವರಾದರೂ, ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಇದು ಕಾಯ್ದೆ. ಲೆಕ್ಕ ಹಾಕುವಾಗ ಮಾಂಸ, ಬೆಲ್ಲ, ಗ್ಯಾಸು ಮಾತ್ರ ಬರೆದು ನಿಮ್ಮ ಕೂಲಿ ಬಿಟ್ಟುಬಿಡುತ್ತೀರಿ, ಪ್ರತಿ ಸಂಘದಲ್ಲೂ ಇದನ್ನು ನೋಡಿದ್ದೇವೆ. ಇಬ್ಬರು ಎರಡೂವರೆ ತಾಸು ದುಡಿದರೆ ಅದು ಐದು ತಾಸಿನ ಕೂಲಿ. ಅದನ್ನು ಸೇರಿಸಿ, ಕೆಟ್ಟು ಹೋಗುವ ಒಂದೆರಡನ್ನೂ ಸೇರಿಸಿ, ಹನ್ನೆರಡಕ್ಕೆ ಭಾಗಿಸಿದರೆ ಒಂದರ ನಿಜವಾದ ಖರ್ಚು ಸಿಗುತ್ತದೆ. ಅದರ ಮೇಲೆ ಲಾಭ.

ಮಾಂಸ ತಿನ್ನದ ಅಕ್ಕಂದಿರು ಇದೇ ಪಾಕವನ್ನು ಬೇಯಿಸಿದ ಗೆಣಸಿಗೋ ಸಣ್ಣ ಆಲೂಗಡ್ಡೆಗೋ ಹಾಕಿ ನೋಡಿರಿ. ಕ್ರಮ ಒಂದೇ: ಗೆಣಸು ಮೊದಲು ಬೇಯಲಿ, ಹಂಚಿನ ಮೇಲೆ ಕೆಂಪಾಗಲಿ, ಪಾಕ ಕೊನೆಗೆ. ನಮ್ಮ ಕೇಂದ್ರದಲ್ಲಿ ಸಾಸೇಜಿಗಿಂತ ಮೊದಲು ಖಾಲಿಯಾದದ್ದು ಗೆಣಸಿನ ತಟ್ಟೆ.

ಪಾಕ ಹೆಚ್ಚಾಗಿ ಮಾಡಿದ್ದರೆ, ಹಂಚಿಗೆ ಸುರಿಯುವ ಮೊದಲೇ ಬೇರೆ ತೆಗೆದು ಗಾಜಿನ ಬಾಟಲಿಯಲ್ಲಿ ಹಾಕಿರಿ. ಫ್ರಿಜ್ಜಿನಲ್ಲಿ ಒಂದು ವಾರ ನಡೆಯುತ್ತದೆ. ಮಾಂಸ ಮುಟ್ಟಿದ ಪಾಕ ಉಳಿದರೆ ಅದನ್ನು ಎತ್ತಿಡಬೇಡಿರಿ, ಕೊನೆಯ ರೊಟ್ಟಿಯಲ್ಲಿ ಒರೆಸಿ ತಿಂದುಬಿಡಿ.